ರಜೆಗೆ ಮನೆಗೆ ಹೊರಟಿದ್ದ ಹುಡುಗಿ

ಆಫ್ರಿಕಾ ಅಂದ್ರೆ ಬಿಸಿಲು ಅಂತ ಯಾರು ಹೇಳಿದ್ರೋ ಗೊತ್ತಿಲ್ಲ, ನಾನಂತೂ ನಂಬಿದ್ದೆ. ಎರಡು ಟ್ಯೂಬ್ ಸನ್‌ಸ್ಕ್ರೀನ್, ಏಳು ಕಾಟನ್ ಕುರ್ತಾ, ಒಂದು ಟೋಪಿ ತುಂಬಿಕೊಂಡು ಹೋದೆ. ಸ್ವೆಟರ್ ಒಂದೂ ಇಲ್ಲ. 2023ರ ಆಗಸ್ಟ್‌ನಲ್ಲಿ ಕೀನ್ಯಾದ ಲಿಮುರುವಿನಲ್ಲಿ ವ್ಯಾನ್ ಇಳಿದಾಗ ಎದುರಿಗಿದ್ದ ಗೇಟೂ ಕಾಣದಷ್ಟು ಮಂಜು. ಹಲ್ಲು ಕಟಕಟ ಅಂತಿತ್ತು. ಸಮಭಾಜಕ ವೃತ್ತದ ಪಕ್ಕದಲ್ಲೇ ಇರೋ ಊರು ಅದು. ಆದರೆ ಸಮುದ್ರಮಟ್ಟದಿಂದ ಸುಮಾರು 2,200 ಮೀಟರ್ ಮೇಲಿದೆ, ನಮ್ಮ ಮುಳ್ಳಯ್ಯನಗಿರಿಗಿಂತ ಎತ್ತರ. ಅಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಚಳಿಗಾಲ. ಇದನ್ನ ಗೂಗಲ್ ಮಾಡೋಕೆ ಎರಡು ನಿಮಿಷ ಸಾಕಿತ್ತು, ಮಾಡಿರಲಿಲ್ಲ. ಆ ಪ್ರಯಾಣದಲ್ಲಿ ನಾವು ಮೊದಲೇ ವಿಚಾರಿಸದೆ ಹೋಗಿದ್ದು ಹವಾಮಾನ ಒಂದನ್ನೇ ಅಲ್ಲ.

ನಾವು ಹನ್ನೆರಡು ಜನ, ಎಲ್ಲರೂ ಬೆಂಗಳೂರಿನ ಒಂದೇ ಕನ್ನಡ ಸಭೆಯವರು. ಐದು ಜನ ಐಟಿ, ಒಬ್ಬರು ನರ್ಸ್ ಆಂಟಿ, ಇಬ್ಬರು ಟೀಚರ್, ಉಳಿದವರು ಕಾಲೇಜು. ಲೀಡರ್ ಅಂಕಲ್ ಬ್ಯಾಂಕಿನಿಂದ ರಿಟೈರ್ ಆದವರು. ಆಗಸ್ಟ್ 15ರ ರಜೆಗೆ ಆರು ದಿನದ ಲೀವ್ ಸೇರಿಸಿದರೆ ಹತ್ತು ದಿನ ಸಿಗುತ್ತೆ ಅಂತ ಲೆಕ್ಕ ಹಾಕಿದವಳು ನಾನೇ. ಹಳದಿ ಜ್ವರದ ಇಂಜೆಕ್ಷನ್ ಹಾಕಿಸಿಕೊಂಡು, ಆ ಹಳದಿ ಕಾರ್ಡನ್ನ ಪಾಸ್‌ಪೋರ್ಟ್ ಜೊತೆ ರಬ್ಬರ್‌ಬ್ಯಾಂಡ್ ಹಾಕಿ ಕಟ್ಟಿ (ಅದಿಲ್ಲದಿದ್ದರೆ ವಾಪಸ್ ಬಂದಾಗ ಕ್ವಾರಂಟೈನ್), ಮುಂಬೈ ಮೇಲೆ ನೈರೋಬಿಗೆ ಹಾರಿದೆವು. ತಲಾ ಸುಮಾರು ಒಂದೂಕಾಲು ಲಕ್ಷ. ನನ್ನ ಬೋನಸ್ಸಿನ ದುಡ್ಡು. ಅನಾಥ ಮಕ್ಕಳ ಜೊತೆ ಹತ್ತು ದಿನ ಕಳೆಯೋಕೆ ಅದಕ್ಕಿಂತ ಒಳ್ಳೆ ಖರ್ಚು ಯಾವುದಿದೆ ಅಂತ ಅನಿಸಿತ್ತು.

ಹೊರಡೋ ಹಿಂದಿನ ವಾರ ಹುಬ್ಬಳ್ಳಿಗೆ ಹೋಗಿ ಅಜ್ಜಿಗೆ ಹೇಳಿ ಬಂದೆ. ಅಜ್ಜಿಗೆ ಆಗ 86. ಕಿವಿ ಮಂದ, ನಾಲಿಗೆ ಚುರುಕು. ಎಲ್ಲಾ ಕೇಳಿಸಿಕೊಂಡು, "ಹೋಗಿ ಬಾ. ಆದ್ರ ಹುಡುಗರನ್ನ ಹಚ್ಕೊಂಡು ಬಿಟ್ಟು ಬರಬ್ಯಾಡ ನೋಡವಾ" ಅಂದಳು. ಹಚ್ಕೊಳ್ಳದೆ ಹೇಗೆ ಇರೋದು, ಅದಕ್ಕೇ ತಾನೆ ಹೋಗ್ತಿರೋದು ಅಂತ ನಾನು ನಕ್ಕೆ.

ನೈರೋಬಿ ವಿಮಾನ ನಿಲ್ದಾಣದಿಂದ ಲಿಮುರುವಿಗೆ ಒಂದು ಒಂದೂವರೆ ಗಂಟೆ. 2022ರಲ್ಲಿ ಶುರುವಾದ ಟೋಲ್ ಎಕ್ಸ್‌ಪ್ರೆಸ್‌ವೇ ಮೇಲೆ ಊರನ್ನ ದಾಟುವಾಗ ಕೆಳಗೆ ಬಣ್ಣಬಣ್ಣದ ಮಟಾಟುಗಳು ಕಾಣ್ತವೆ. ಮಟಾಟು ಅಂದ್ರೆ ಅಲ್ಲಿನ ಖಾಸಗಿ ಮಿನಿಬಸ್ಸು. ಹಾಡು ಅಬ್ಬರ, ಕಂಡಕ್ಟರ್ ಬಾಗಿಲಲ್ಲಿ ನೇತಾಡ್ತಾ ಕೂಗ್ತಾನೆ. ನಮ್ಮ ಹಳೇ ಮ್ಯಾಕ್ಸಿಕ್ಯಾಬ್ ನೆನಪಾಯ್ತು. ಊರು ಮುಗಿದ ಮೇಲೆ ಏರು ರಸ್ತೆ, ಕೆಂಪು ಮಣ್ಣು, ಆಮೇಲೆ ಕಣ್ಣು ಹಾಯಿಸಿದಷ್ಟೂ ಚಹಾ ತೋಟ. ಕೀನ್ಯಾದಲ್ಲಿ ಮೊದಲ ಚಹಾ ಗಿಡ ನೆಟ್ಟಿದ್ದು ಇದೇ ಲಿಮುರುವಿನಲ್ಲಿ, 1903ರಲ್ಲಿ, ಅದೂ ಭಾರತದಿಂದ ತಂದ ಬೀಜದಿಂದ. ಊರೊಳಗೆ ದೊಡ್ಡ ಬಾಟಾ ಶೂ ಫ್ಯಾಕ್ಟರಿ ಇದೆ. ಲೇಖಕ ಗೂಗಿ ವಾ ಥಿಯೊಂಗೊ ಹುಟ್ಟಿದ್ದು ಇಲ್ಲೇ ಪಕ್ಕದ ಕಮಿರೀಥುವಿನಲ್ಲಿ. ಇಂಗ್ಲಿಷ್ ಬಿಟ್ಟು ತಾಯಿನುಡಿ ಗಿಕುಯುನಲ್ಲಿ ಬರೆಯೋಕೆ ಶುರು ಮಾಡಿದವರು. ಜೈಲಿನಲ್ಲಿದ್ದಾಗ ಟಾಯ್ಲೆಟ್ ಪೇಪರ್ ಮೇಲೆ ಒಂದು ಇಡೀ ಕಾದಂಬರಿ ಬರೆದವರು. ನಮ್ಮ ಡ್ರೈವರ್ ಇದನ್ನೆಲ್ಲ ಹೆಮ್ಮೆಯಿಂದ ಹೇಳ್ತಾ ಇದ್ದರೆ ಹಿಂದೆ ಕೂತವರು ನೆಟ್‌ವರ್ಕ್ ಹುಡುಕ್ತಿದ್ದರು.

ಡ್ರೈವರ್ ಇನ್ನೊಂದು ವಿಷಯಾನೂ ತೋರಿಸಿದ: ರಸ್ತೆ ಪಕ್ಕ ಹಳೇ ರೈಲು ಹಳಿ. 1896ರಿಂದ 1901ರವರೆಗೆ ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದ ತನಕ ಈ ದಾರಿ ಹಾಕಿದ್ದು ಭಾರತದಿಂದ ತಂದ ಕೂಲಿಗಳು. ಸುಮಾರು 32,000 ಜನ, ಹೆಚ್ಚಿನವರು ಪಂಜಾಬಿನವರು. ಎರಡೂವರೆ ಸಾವಿರದಷ್ಟು ಮಂದಿ ಸತ್ತೇ ಹೋದರು. ಉಳಿದವರಲ್ಲಿ ಕೆಲವರು, ಆಮೇಲೆ ಬಂದ ಗುಜರಾತಿ ವ್ಯಾಪಾರಿಗಳು, ಅಲ್ಲಿನ ಸ್ವಾಹಿಲಿ ಭಾಷೆಗೆ ತಮ್ಮ ಪದ ಬಿಟ್ಟರು. ಗಾಡಿಗೆ ಗಾರಿ, ಅಂಗಡಿಗೆ ಡುಕಾ, ದುಡ್ಡಿಗೆ ಪೇಸಾ, ಚಪಾತಿಗೆ ಚಪಾತಿ, ಚಹಾಕ್ಕೆ ಚಾಯ್. ಫೋನಿನಲ್ಲಿ ದುಡ್ಡು ಕಳಿಸೋ ಅವರ ಎಂ-ಪೇಸಾ 2007ರಿಂದಲೇ ಇದೆ, ನಮ್ಮ ಯುಪಿಐಗಿಂತ ಎಷ್ಟೋ ಮೊದಲು. ನಾವು ಡಿಜಿಟಲ್ ಇಂಡಿಯಾ ಬಗ್ಗೆ ಕೊಚ್ಚಿಕೊಳ್ಳೋಕೆ ಹೋಗಿ ಸುಮ್ಮನಾದೆವು.

ಹೋಮ್‌ನಲ್ಲಿ 43 ಮಕ್ಕಳು. ಹೆಸರು ಬೇಡ, ಹೋಮ್‌ದೂ ಬೇಡ ಮಕ್ಕಳದೂ ಬೇಡ. ಗೇಟು ತೆಗೆದ ಐದು ನಿಮಿಷಕ್ಕೆ ನನ್ನ ಸೊಂಟಕ್ಕೆ ಇಬ್ಬರು, ಕೈಗೆ ಇಬ್ಬರು ಜೋತುಬಿದ್ದಿದ್ದರು. "ಆಂಟಿ, ಆಂಟಿ" ಅಂತ. ಒಬ್ಬಳು ನನ್ನ ಜಡೆ ಬಿಚ್ಚಿ ಮತ್ತೆ ಹೆಣೆಯೋಕೆ ಶುರು ಮಾಡಿಬಿಟ್ಟಳು. ಏಳು ವರ್ಷದವಳು, ಮುಂದಿನ ಎರಡು ಹಲ್ಲಿಲ್ಲ, ಎಡ ಹುಬ್ಬಿನ ಮೇಲೆ ಗಾಯದ ಗುರುತು. ನನ್ನ ಕಣ್ಣಲ್ಲಿ ನೀರು. ಎಷ್ಟು ಪ್ರೀತಿ ಈ ಮಕ್ಕಳಿಗೆ ಅಂದೆ. ಪಕ್ಕದಲ್ಲಿದ್ದ ನರ್ಸ್ ಆಂಟಿ ನಗಲಿಲ್ಲ. "ನಿನ್ನ ಅಕ್ಕನ ಮಗಳು ಗುರುತಿಲ್ಲದವರ ಸೊಂಟಕ್ಕೆ ಹೀಗೆ ಹತ್ತಿ ಕೂರ್ತಾಳಾ?" ಅಂತ ಕೇಳಿದರು. ನನ್ನ ಅಕ್ಕನ ಮಗಳು ನನ್ನ ಹತ್ತಿರ ಬರೋಕೇ ಎರಡು ದಿನ ತಗೊಂಡಿದ್ದಳು. ಬಂದವರೆಲ್ಲ ಎತ್ತಿಕೊಂಡು, ಹತ್ತು ದಿನಕ್ಕೆ ಇಳಿಸಿ ಹೋಗೋದನ್ನ ಪದೇ ಪದೇ ಕಂಡ ಮಕ್ಕಳು ಯಾರು ಸಿಕ್ಕಿದರೂ ಹೀಗೆ ಅಂಟಿಕೊಳ್ಳೋದನ್ನ ಕಲಿತುಬಿಡ್ತವಂತೆ. ಆಗ ನನಗೆ ಆಂಟಿ ಮೇಲೆ ಸಿಟ್ಟು ಬಂತು, ಖುಷಿ ಹಾಳು ಮಾಡಿದರು ಅಂತ.

ಮಕ್ಕಳನ್ನ ನೋಡಿಕೊಳ್ಳೋ ಹೆಂಗಸರಿಗೆ ಎಲ್ಲರೂ "ಮಾಮಾ" ಅಂತಾರೆ. ಸ್ವಾಹಿಲಿಯಲ್ಲಿ ಮಾಮಾ ಅಂದ್ರೆ ಅಮ್ಮ. ನಮಗೆ ಮಾಮ ಅಂದ್ರೆ ಅಮ್ಮನ ತಮ್ಮ. ಮೊದಲೆರಡು ದಿನ ನಮ್ಮ ಹುಡುಗರು ಯಾರೋ ಮೀಸೆಯವರನ್ನ ಹುಡುಕಿದರು. ಮಕ್ಕಳಿಗೋ ನಾವೇ ಒಂದು ಸಮಸ್ಯೆ. ಬಿಳಿಯರಾದರೆ ಮುಜುಂಗು, ನಾವು ಮುಹಿಂದಿ. ಮುಹಿಂದಿ ಅಂದ್ರೆ ಅಂಗಡಿ ಇಟ್ಟವರು, ಫ್ಯಾಕ್ಟರಿ ಇಟ್ಟವರು, ದೇವಸ್ಥಾನಕ್ಕೆ ಹೋಗೋರು. ಮುಹಿಂದಿ ಚರ್ಚಿಗೂ ಬರ್ತಾನಾ? ಒಬ್ಬ ಹುಡುಗ ನನ್ನ ಬೈಬಲ್ ತೆರೆದು ಕನ್ನಡ ಅಕ್ಷರ ನೋಡಿ, ಇದು ನಿಜವಾದ ಬೈಬಲ್ ಅಲ್ಲ, ಬರೀ ಸುರುಳಿ ಸುರುಳಿ ಚಿತ್ರ ಬರೆದಿದ್ದಾರೆ ಅಂತ ತೀರ್ಪು ಕೊಟ್ಟ.

ಊಟದ ವಿಷಯಕ್ಕೆ ಬಂದರೆ ನಾನು ಮನೆಯಲ್ಲೇ ಇದ್ದೆ. ಬೆಳಗ್ಗೆ ಉಜಿ, ಅಂದ್ರೆ ಗಂಜಿ. ಮಧ್ಯಾಹ್ನ ಗಿಥೇರಿ, ಮೆಕ್ಕೆಜೋಳ ಮತ್ತು ಹುರುಳಿಕಾಯಿ ಬೀಜ ಬೇಯಿಸಿದ್ದು. ರಾತ್ರಿ ಉಗಾಲಿ: ಮೆಕ್ಕೆಜೋಳದ ಹಿಟ್ಟಿನ ಮುದ್ದೆ. ಮಂಡ್ಯದ ಹುಡುಗ ನಮ್ಮ ಗುಂಪಿನಲ್ಲಿದ್ದ, ಅವನು ಮುದ್ದೆ ಮುರಿದು, ಗುಳಿ ಮಾಡಿ, ಸೊಪ್ಪಿನಲ್ಲಿ ಅದ್ದಿ ನುಂಗಿದ್ದು ನೋಡಿ ಅಡುಗೆಮನೆಯ ಮಾಮಾ ಚಪ್ಪಾಳೆ ತಟ್ಟಿದಳು. ಆ ಸೊಪ್ಪಿನ ಪಲ್ಯದ ಹೆಸರು ಸುಕುಮಾ ವಿಕಿ, ಅರ್ಥ "ವಾರ ತಳ್ಳು". ಸಂಬಳ ಬರೋ ತನಕ ವಾರ ತಳ್ಳೋ ಪಲ್ಯ. ಒಂದು ದಿನ ಉಜಿ ಕಂದು ಬಣ್ಣಕ್ಕಿತ್ತು, ಬಾಯಿಗಿಟ್ಟರೆ ರಾಗಿ ಅಂಬಲಿ! ಅಲ್ಲಿ ರಾಗಿಗೆ ವಿಂಬಿ ಅಂತಾರೆ. ರಾಗಿಯ ಮೂಲವೇ ಪೂರ್ವ ಆಫ್ರಿಕಾದ ಎತ್ತರದ ನಾಡು, ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದ ನಮ್ಮ ಕಡೆ ಬಂದದ್ದು ಅಂತ ಆಮೇಲೆ ಓದಿದೆ. ಮಂಡ್ಯದವನಿಗೆ ಹೇಳಿದರೆ ಅವನು ಇವತ್ತಿಗೂ ಒಪ್ಪಲ್ಲ.

ಹಬ್ಬದೂಟ ಯಾವುದು ಗೊತ್ತಾ? ಚಪಾತಿ. ಕ್ರಿಸ್ಮಸ್‌ಗೆ, ನೆಂಟರು ಬಂದಾಗ ಮಾಡೋದು. ಪದರ ಪದರವಾಗಿ, ಎಣ್ಣೆ ಧಾರಾಳ, ನಮ್ಮ ಪರೋಟದ ಥರ. ನಾವು ಬಂದಿದ್ದಕ್ಕೆ ಎರಡು ಸಲ ಮಾಡಿದರು.

ಗುರುವಾರ ಬಂದೆವು, ಶುಕ್ರವಾರ ಅಲ್ಲಿನ ಶಾಲೆಗಳಿಗೆ ಟರ್ಮ್ ಮುಗಿದು ರಜೆ ಶುರು. ಶನಿವಾರ ಬೆಳಗ್ಗೆ ನಮ್ಮ ಕಾರ್ಯಕ್ರಮದ ಉದ್ಘಾಟನೆ. ಬ್ಯಾನರ್ ಕಟ್ಟಿದ್ದೆವು, ನಮ್ಮದೂ ಮಕ್ಕಳದೂ ಒಂದೇ ಬಣ್ಣದ ಟೀಶರ್ಟು. ಹಾಡು, ಬೊಂಬೆ ನಾಟಕ, ಬಣ್ಣದ ಕಾಗದದ ಕೆಲಸ. ಊರಲ್ಲಿ ಬೇಸಿಗೆ ರಜೆಯ ಬೈಬಲ್ ಶಾಲೆಯಲ್ಲಿ ಮಾಡ್ತೀವಲ್ಲ, ಅದೇ. 43 ಕಿಟ್ ತಂದಿದ್ದೆವು, 42 ಹಂಚಿದೆವು. ನನ್ನ ಜಡೆ ಹೆಣೆದ ಹುಡುಗಿ ಇರಲಿಲ್ಲ.

ಗೇಟಿನ ಹತ್ತಿರ ಒಂದು ಕಲ್ಲಿನ ಮೇಲೆ ಕೂತಿದ್ದಳು. ಟೀಶರ್ಟ್ ಹಾಕಿರಲಿಲ್ಲ. ತಲೆಗೆ ಎಣ್ಣೆ ಹಚ್ಚಿ, ಚರ್ಚಿಗೆ ಹಾಕೋ ಫ್ರಾಕು ತೊಟ್ಟು, ಮಡಿಲಲ್ಲಿ ಗಂಟು ಹಾಕಿದ ಪ್ಲಾಸ್ಟಿಕ್ ಚೀಲ ಇಟ್ಟುಕೊಂಡಿದ್ದಳು. ಮುನಿಸಿಕೊಂಡಿರಬೇಕು ಅಂತ ಸೋಪಿನ ಗುಳ್ಳೆ ಊದೋ ಡಬ್ಬಿ ತಗೊಂಡು ಹೋದೆ. ಊದಿದೆ. ಗುಳ್ಳೆ ಅವಳ ಮುಖದ ಮುಂದೆ ಹೋಯ್ತು, ಅವಳು ಗೇಟನ್ನೇ ನೋಡ್ತಿದ್ದಳು. ಆ ಕ್ಷಣದ ಒಂದು ಫೋಟೊನೂ ತೆಗೆದೆ. ಹೇಳೋಕೆ ನಾಚಿಕೆ ಆಗುತ್ತೆ, ಬೆಳಕು ಚೆನ್ನಾಗಿತ್ತು.

ಮಾಮಾನ ಕೇಳಿದೆ. ಅವಳು ಒಗೆದ ಬಟ್ಟೆ ಹಿಂಡ್ತಾ ಹೇಳಿದಳು: "ಅವಳ ಶೋಶೋಗೆ ಕಾಯ್ತಿದಾಳೆ."

ಶೋಶೋ ಅಂದ್ರೆ ಅಜ್ಜಿ.

ಅನಾಥೆಗೆ ಅಜ್ಜಿ? ಹ್ಞೂಂ, ಅಜ್ಜಿ ಇದಾಳೆ, ಅಮ್ಮಾನೂ ಇದಾಳೆ. ಅಪ್ಪ ಇಲ್ಲ. ಅಮ್ಮ ನೈವಾಶಾ ಸರೋವರದ ಹತ್ತಿರ ಗುಲಾಬಿ ತೋಟದಲ್ಲಿ ಕೂಲಿ, ಅಲ್ಲೇ ಒಂದು ಸಣ್ಣ ರೂಮಿನಲ್ಲಿ ನಾಲ್ಕು ಹೆಂಗಸರ ಜೊತೆ ಇರ್ತಾಳೆ. ಆ ಗುಲಾಬಿ ಯೂರೋಪಿಗೆ ಹೋಗುತ್ತೆ. (ಬೆಂಗಳೂರಿನ ಒಂದು ಕಂಪನಿ 2007ರಲ್ಲಿ ಅಲ್ಲಿನ ದೊಡ್ಡ ಹೂತೋಟವೊಂದನ್ನ ಕೊಂಡಿದ್ದೂ ಉಂಟು. ಜಗತ್ತು ಚಿಕ್ಕದು.) ಅಜ್ಜಿ ಇರೋದು ಇಳಿಜಾರಿನ ಕೆಳಗೆ ಮಾಯಿ ಮಾಹಿಯು ಕಡೆ. ಪ್ರತಿ ರಜೆಗೂ ಮೊದಲ ಶನಿವಾರ ಬಂದು ಹುಡುಗಿಯನ್ನ ಕರಕೊಂಡು ಹೋಗ್ತಾಳೆ. ಇವಳೊಬ್ಬಳದೇ ಅಲ್ಲ, ಮೂವತ್ತಕ್ಕೂ ಹೆಚ್ಚು ಮಕ್ಕಳನ್ನ ಯಾರಾದರೂ ಬಂದು ಕರಕೊಂಡು ಹೋಗ್ತಾರೆ.

"ಈ ಸಲ ಡೈರೆಕ್ಟರ್ ಎಲ್ಲರಿಗೂ ಫೋನ್ ಮಾಡಿ 19ನೇ ತಾರೀಕಿನ ಮೇಲೆ ಬನ್ನಿ ಅಂದಿದಾರೆ" ಅಂದಳು ಮಾಮಾ.

"ಯಾಕೆ?"

ಅವಳು ಬಟ್ಟೆ ಹಿಂಡೋದು ನಿಲ್ಲಿಸಿ ನನ್ನ ಟೀಶರ್ಟು ನೋಡಿದಳು. "ಇಂಡಿಯಾದಿಂದ ಗೆಸ್ಟ್ ಬರ್ತಾರಲ್ಲ."

ನಾವು ವಾಪಸ್ ಹೊರಡೋದು 19ಕ್ಕೆ. ಆ ಮಕ್ಕಳ ರಜೆ ಇದ್ದಿದ್ದೇ ಎರಡು ವಾರ ಚಿಲ್ಲರೆ.

ಆಮೇಲೆ ನಡೆದಿದ್ದನ್ನ ಇದ್ದ ಹಾಗೇ ಬರೀತೀನಿ. ಹನ್ನೊಂದು ಗಂಟೆ ಸುಮಾರಿಗೆ ಗೇಟಿನ ಹೊರಗೆ ಒಬ್ಬ ಮುದುಕಿ ಬಂದು ನಿಂತಳು. ತಲೆಗೆ ಸ್ಕಾರ್ಫು, ಕಾಲಿಗೆ ಟೈರಿನ ಚಪ್ಪಲಿ, ಹೆಗಲಿಗೆ ಬುಟ್ಟಿಚೀಲ. ಅವಳ ಫೋನ್ ಕೆಟ್ಟು ತಿಂಗಳಾಗಿತ್ತಂತೆ, ಡೈರೆಕ್ಟರ್ ಮಾತು ಅವಳಿಗೆ ಮುಟ್ಟೇ ಇರಲಿಲ್ಲ. ವಾಚ್‌ಮನ್ ಒಳಗೆ ಬಿಡಲಿಲ್ಲ, ಕಾರ್ಯಕ್ರಮ ಮುಗೀಲಿ ಅಂದ. ಒಳಗೆ ನಾವು ಕೈ ಮೇಲೆತ್ತಿ, ಕಾಲು ಕುಣಿಸಿ ಆಕ್ಷನ್ ಸಾಂಗ್ ಮಾಡ್ತಿದ್ದೆವು. ಗೇಟಿನ ಕಂಬಿಯ ಆಚೆ ಅಜ್ಜಿ, ಈಚೆ ಮೊಮ್ಮಗಳು, ಕಂಬಿ ನಡುವೆ ಕೈ ಕೈ ಹಿಡಕೊಂಡು ನಿಂತಿದ್ದರು. ನಾನು ನೋಡಿದೆ. ನೋಡಿ, ಮುಂದಿನ ಹಾಡಿಗೆ ಕುಣಿಯೋಕೆ ವಾಪಸ್ ಹೋದೆ. ಲೈನ್‌ನಲ್ಲಿ ನನ್ನ ಜಾಗ ಖಾಲಿ ಇತ್ತು ಅಂತ.

ಮುಗಿದ ಮೇಲೆ ಹತ್ತು ನಿಮಿಷ ಮಾತಾಡೋಕೆ ಬಿಟ್ಟು, ಚಹಾ ಕೊಟ್ಟು, ಮುಂದಿನ ವಾರ ಬಾ ಅಂತ ಕಳಿಸಿದರು. ಅವಳು ಎರಡು ಮಟಾಟು ಬದಲಿಸಿ, ಸ್ಟಾಪಿನಿಂದ ನಡಕೊಂಡು ಬಂದಿದ್ದಳು. ಹುಡುಗಿ ಆಗ ಟೀಶರ್ಟ್ ಹಾಕಿಕೊಂಡಳು. ಅವತ್ತು ಮಧ್ಯಾಹ್ನದಿಂದ ನನ್ನ ಕೈ ಬಿಡಲೇ ಇಲ್ಲ.

ರಾತ್ರಿ ನಮ್ಮ ಪ್ರಾರ್ಥನಾ ಕೂಟದಲ್ಲಿ ವಿಷಯ ಎತ್ತಿದೆ. ದನಿ ನಡುಗ್ತಿತ್ತು. ಲೀಡರ್ ಅಂಕಲ್ ಕೆಟ್ಟವರಲ್ಲ, ಪಾಪ. ಈ ಟ್ರಿಪ್‌ಗೋಸ್ಕರ ಒಂದು ವರ್ಷ ಓಡಾಡಿದವರು. "ಅವರ ನಿಯಮ ಅವರದಮ್ಮ, ನಾವು ಅತಿಥಿಗಳು. ಊರಲ್ಲಿ ದುಡ್ಡು ಕೊಟ್ಟವರಿಗೆ ನಾನು ಏನು ತೋರಿಸಲಿ? 43 ಮಕ್ಕಳು ಅಂತ ಹೇಳಿದೀವಿ" ಅಂದರು. ಒಬ್ಬಳು ಅತ್ತಳು. ಒಬ್ಬ, ಬರೀ ಒಂದು ವಾರ ತಾನೆ ಅಂದ. ನರ್ಸ್ ಆಂಟಿ ಮಾತ್ರ ನಿಧಾನಕ್ಕೆ, "ನಿಮ್ಮ ಮೊಮ್ಮಗನ್ನ ಬೇಸಿಗೆ ರಜೆಯಲ್ಲಿ ಯಾರಾದ್ರೂ ಒಂದು ವಾರ ಇಟ್ಕೊಂಡಿದ್ರೆ?" ಅಂದರು. ಅಂಕಲ್ ಎದ್ದು ಹೊರಗೆ ಹೋದರು. ಮಂಜಿನಲ್ಲಿ ಬಹಳ ಹೊತ್ತು ಅಡ್ಡಾಡ್ತಿದ್ದರು.

ಭಾನುವಾರ ಅಲ್ಲಿನ ಸಭೆ. ಗಿಕುಯು ಭಾಷೆ, ಒಂದಕ್ಷರ ಗೊತ್ತಿಲ್ಲ, ಆದರೆ ರಾಗ ಎಲ್ಲಾ ಗೊತ್ತು. ಅದೇ ಹಳೇ ಪಾದ್ರಿಗಳು ತಂದ ರಾಗ. ಅವರು ಗಿಕುಯುನಲ್ಲಿ ಹಾಡಿದರು, ನಾವು ಕನ್ನಡದಲ್ಲಿ. ಆರಾಧನೆ ಮುಗಿದ ಮೇಲೆ ಅಂಕಲ್ ಡೈರೆಕ್ಟರ್ ಹತ್ತಿರ ಹೋದರು. ನನ್ನನ್ನೂ ಕರೆದರು.

ಡೈರೆಕ್ಟರ್ ಮೇಲೆ ರೇಗಬೇಕು ಅಂತ ಹೋದವಳು ನಾನು. ಆತ ನೇರವಾಗಿ ಮಾತಾಡಿದ. ಏಡ್ಸ್ ಜೋರಾಗಿದ್ದ ವರ್ಷಗಳಲ್ಲಿ ಶುರುವಾದ ಹೋಮ್ ಇದು. ಆಗ ಒಂದೇ ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೂ ಹೋಗಿ ಮಕ್ಕಳು ಉಳೀತಿದ್ದವು. ಆಮೇಲೆ ಔಷಧಿ ಬಂತು, ತಾಯಂದಿರು ಬದುಕಿದರು. ಈಗ ಬರೋ ಮಕ್ಕಳು ಹೆಚ್ಚಾಗಿ ಬಡತನಕ್ಕೆ ಬರ್ತಾರೆ. ಪ್ರೈಮರಿ ಶಿಕ್ಷಣ 2003ರಿಂದ ಉಚಿತ, ಆದರೂ ಯೂನಿಫಾರ್ಮು, ಶೂ, ಮಧ್ಯಾಹ್ನದ ಊಟ ಅಂತ ಖರ್ಚಿದೆ. ಹೋಮ್‌ಗೆ ಸೇರಿಸಿದರೆ ಎಲ್ಲಾ ಸಿಗುತ್ತೆ. "ನಿಮ್ಮಂಥವರು ಬಂದರೆ ಹಿಟ್ಟು ಬರುತ್ತೆ. ನೀವು ಬಂದಾಗ ಮಕ್ಕಳು ಇಲ್ಲದಿದ್ದರೆ ನೀವು ಮತ್ತೆ ಬರ್ತೀರಾ?" ಅಂತ ಕೇಳಿದ. ಅಂಕಲ್ ನನ್ನ ಮುಖ ನೋಡಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ, ಯಾಕಂದ್ರೆ ಅವನು ಕೇಳಿದ್ದು ನಿಜ. ಮಕ್ಕಳಿಲ್ಲದ ಹೋಮ್‌ಗೆ ನಾನು ಬೋನಸ್ ಖರ್ಚು ಮಾಡಿ ಬರ್ತಿರಲಿಲ್ಲ.

ಅಂಕಲ್ ಕೊನೆಗೆ ಒಂದೇ ಮಾತು ಹೇಳಿದರು: ಮಕ್ಕಳನ್ನ ಕಳಿಸಿ, ಹಿಟ್ಟಿನ ದುಡ್ಡು ನಾವು ಕೊಟ್ಟೇ ಹೋಗ್ತೀವಿ.

ಅವತ್ತೇ ಸಂಜೆ ಫೋನು ಶುರುವಾಯ್ತು. ಸೋಮವಾರ, ಮಂಗಳವಾರ ಗೇಟಿನ ಹತ್ತಿರ ಜಾತ್ರೆ. ಚಿಕ್ಕಪ್ಪ, ಅತ್ತೆ, ಅಣ್ಣ, ಮಗು ಕಟ್ಟಿಕೊಂಡ ಅಮ್ಮಂದಿರು, ಬಾಡಿಗೆ ಬೋಡಾಬೋಡಾ ಬೈಕಿನಲ್ಲಿ ಮೂರು ಮೂರು ಜನ. ಮಾಯಿ ಮಾಹಿಯು ಅಜ್ಜಿಗೆ ಪಕ್ಕದ ಮನೆಯವರ ಫೋನಿಗೆ ಹೇಳಿ ಕಳಿಸಿದ್ದರು; ಸೋಮವಾರ ಹತ್ತು ಗಂಟೆಗೇ ಬಂದಳು. ಅಂಕಲ್ ಎರಡೂ ಸಲದ ಬಸ್ ಚಾರ್ಜು ಕೊಡೋಕೆ ಹೋದರು. ಆಕೆ ಎಣಿಸಿ, ಶನಿವಾರದ್ದಷ್ಟೇ ಇಟ್ಟುಕೊಂಡು ಉಳಿದಿದ್ದನ್ನ ವಾಪಸ್ ಕೊಟ್ಟಳು. ಇವತ್ತು ಮೊಮ್ಮಗಳಿಗೋಸ್ಕರ ಬಂದೆ, ಶನಿವಾರ ನಿಮಗೋಸ್ಕರ ಬಂದೆ ಅಂದಳು.

ಮೂರು ದಿನ ನನ್ನ ಕೈಗೆ ಅಂಟಿಕೊಂಡಿದ್ದ ಹುಡುಗಿ ಆ ಪ್ಲಾಸ್ಟಿಕ್ ಚೀಲ ಹಿಡಕೊಂಡು ಅಜ್ಜಿ ಮುಂದೆ ಮುಂದೆ ಓಡಿದಳು. ತಿರುವು ದಾಟೋ ತನಕ ನಿಂತಿದ್ದೆ. ಒಂದು ಸಲವೂ ತಿರುಗಿ ನೋಡಲಿಲ್ಲ. ಬೇಜಾರಾಯ್ತಾ ಅಂದ್ರೆ, ಆಯ್ತು.

ಉಳಿದವರು ಹನ್ನೆರಡು ಮಕ್ಕಳು. ನಾವೂ ಹನ್ನೆರಡು. ಬೊಂಬೆ ನಾಟಕ ನಿಂತಿತು. ಹುಡುಗರು ಫುಟ್‌ಬಾಲ್ ಆಡಿದರು, ನರ್ಸ್ ಆಂಟಿ ಔಷಧಿ ಪೆಟ್ಟಿಗೆ ಕ್ಲೀನ್ ಮಾಡಿ ಎಕ್ಸ್‌ಪೈರಿ ಆಗಿದ್ದನ್ನೆಲ್ಲ ಎಸೆದರು, ಮಂಡ್ಯದವನು ಮಳೆನೀರಿನ ಟ್ಯಾಂಕಿನ ಪೈಪ್ ಸರಿ ಮಾಡಿದ. ನನಗೆ ಬರೋದು ಸಾಫ್ಟ್‌ವೇರ್ ಟೆಸ್ಟಿಂಗ್. ಹೋಮ್‌ನಲ್ಲಿ ಒಬ್ಬ ಸಾಮಾಜಿಕ ಕಾರ್ಯಕರ್ತ ಇದ್ದ, ನನ್ನ ವಯಸ್ಸಿನವನೇ. 43 ಮಕ್ಕಳ ಕಡತ ಕಾಗದದಲ್ಲಿ, ಅರ್ಧ ಗೆದ್ದಲು ತಿಂದಿತ್ತು. ಅವನು ಓದಿದ, ನಾನು ಎಕ್ಸೆಲ್‌ಗೆ ಹಾಕಿದೆ. ಯಾರಿದ್ದಾರೆ, ಎಲ್ಲಿದ್ದಾರೆ, ಕೊನೇ ಸಲ ಬಂದಿದ್ದು ಯಾವಾಗ. ಎರಡು ದಿನ ಹಿಡೀತು. ಅಪ್ಪ ಅಮ್ಮ ಇಬ್ಬರೂ ತೀರಿಕೊಂಡ ಮಕ್ಕಳು ಏಳು. ಆ ಏಳರಲ್ಲೂ ನಾಲ್ವರಿಗೆ ಅಜ್ಜಿಯೋ ಅತ್ತೆಯೋ ಇದ್ದರು. ನಮ್ಮ ಬ್ಯಾನರ್ ಮೇಲೆ ಮಾತ್ರ 43 ಅನಾಥ ಮಕ್ಕಳು.

ಸುಳ್ಳು ಅಂತಲೂ ಹೇಳೋ ಹಾಗಿಲ್ಲ. ತಂದೆ ತಾಯಿಯಲ್ಲಿ ಒಬ್ಬರು ತೀರಿಕೊಂಡರೂ ಯುನಿಸೆಫ್ ಲೆಕ್ಕದಲ್ಲಿ ಆ ಮಗು ಅನಾಥವೇ. ನಮ್ಮ ಕಿವಿಗೆ ಆ ಪದ ಬಿದ್ದರೆ ಜಗತ್ತಿನಲ್ಲಿ ಯಾರೂ ಇಲ್ಲದ ಮಗು ಕಣ್ಣಿಗೆ ಬರುತ್ತೆ, ಪರ್ಸು ತೆರೆಯುತ್ತೆ. ಅವನು ಹೇಳಿದ ಮೇಲೆ ನಾನೂ ಹುಡುಕಿ ಓದಿದೆ: ಸಂಸ್ಥೆಗಳಲ್ಲಿ ಬೆಳೆಯೋ ಮಕ್ಕಳಲ್ಲಿ ಐವರಲ್ಲಿ ನಾಲ್ವರಿಗಾದರೂ ಅಪ್ಪ ಅಥವಾ ಅಮ್ಮ ಬದುಕಿದ್ದಾರೆ ಅಂತ ಸೇವ್ ದ ಚಿಲ್ಡ್ರನ್ 2009ರಲ್ಲೇ ವರದಿ ಬರೆದಿತ್ತು. 2019ರಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಅನಾಥಾಲಯಗಳಿಗೆ ಬರೋ ಪ್ರವಾಸಿಗರು, ಸ್ವಯಂಸೇವಕರಿಂದ ಮಕ್ಕಳಿಗೆ ಆಗೋ ಹಾನಿಯನ್ನ ತಡೀಬೇಕು ಅಂತ ನಿರ್ಣಯ ಮಾಡಿತು. ಕೀನ್ಯಾ ಸರ್ಕಾರ 2017ರಲ್ಲಿ ಹೊಸ ಹೋಮ್‌ಗಳ ನೋಂದಣಿ ನಿಲ್ಲಿಸಿತು. 2022ರಲ್ಲಿ ಹತ್ತು ವರ್ಷದ ಯೋಜನೆ ಹಾಕಿ, ಮಕ್ಕಳನ್ನ ಸಂಸ್ಥೆಗಳಿಂದ ಕುಟುಂಬಗಳಿಗೆ ಕಳಿಸೋ ಕೆಲಸಕ್ಕೆ ಕೈ ಹಾಕಿದೆ. ಇಷ್ಟೆಲ್ಲ ಆಗಿದ್ದರೂ ನಮಗೆ ಗೊತ್ತಿರಲಿಲ್ಲ. ಪ್ಯಾಕಿಂಗ್ ಲಿಸ್ಟ್ ಮಾತ್ರ ಮೂರು ಪುಟ ಇತ್ತು.

ಆ ಹುಡುಗಿಯನ್ನ ಅಜ್ಜಿ ಮನೆಯಲ್ಲೇ ಇಟ್ಟು ಓದಿಸೋಕೆ ಎಷ್ಟಾಗುತ್ತೆ ಅಂತ ಕೇಳಿದೆ. ಅವನು ಕಡತದ ಹಿಂದೆ ಪೆನ್ಸಿಲ್ಲಿನಲ್ಲಿ ಬರೆದ: ಯೂನಿಫಾರ್ಮು, ಶೂ, ಸ್ಕೂಲಿನ ಊಟ, ಅಜ್ಜಿಯ ತಗಡಿನ ಮನೆಗೆ ಒಂದಿಷ್ಟು ರಿಪೇರಿ. ವರ್ಷಕ್ಕೆ ಎಲ್ಲಾ ಸೇರಿ ನನ್ನ ಒಬ್ಬಳ ವಿಮಾನ ಟಿಕೆಟ್ಟಿನ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ನಾನೂ ಅವನ ಜೊತೆ ಹೋಗಿ ಮನೆ ನೋಡಿ ಬರ್ಲಾ ಅಂದೆ. "ಬೇಡ. ನೀವು ಬಂದು ಹೋದರೆ ಇಂಡಿಯಾದಿಂದ ದುಡ್ಡು ಬಂತು ಅಂತ ಅಕ್ಕಪಕ್ಕದವರು ಆ ಮುದುಕಿ ಜೀವ ತಿಂತಾರೆ" ಅಂದ.

ಬುಧವಾರ ನಮ್ಮನ್ನ ರಿಫ್ಟ್ ವ್ಯಾಲಿ ನೋಡೋಕೆ ಕರಕೊಂಡು ಹೋದರು. ಲಿಮುರುವಿನಿಂದ ಸ್ವಲ್ಪ ಮುಂದೆ ಹೋದರೆ ಭೂಮಿ ಥಟ್ಟನೆ ಮುರಿದು ಕೆಳಗೆ ಬಿದ್ದ ಹಾಗೆ. ಆಗುಂಬೆಯಲ್ಲಿ ನಿಂತು ನೋಡಿದ ಹಾಗೆ ಅಂದುಕೊಳ್ಳಿ, ಆದರೆ ಕೆಳಗೆ ಕಾಡಿಲ್ಲ, ಒಣ ಹಳದಿ ಬಯಲು, ನಡುವೆ ಲೊಂಗೊನೊಟ್ ಜ್ವಾಲಾಮುಖಿ ಬೆಟ್ಟ. ಇಳಿಜಾರಿನ ರಸ್ತೆಯನ್ನ ಎರಡನೇ ಮಹಾಯುದ್ಧದ ಇಟಲಿ ಸೈನಿಕ ಕೈದಿಗಳು ಕಡಿದಿದ್ದು. ಅವರೇ 1942ರಲ್ಲಿ ರಸ್ತೆ ಪಕ್ಕ ಒಂದು ಪುಟ್ಟ ಚಾಪೆಲ್ ಕಟ್ಟಿದರು. ನಿಜಕ್ಕೂ ಪುಟ್ಟದು, ನಾವು ಹನ್ನೆರಡು ಜನ ಹೊಕ್ಕರೆ ತುಂಬಿಹೋಯ್ತು. ಮನೆ ಬಿಟ್ಟು ಬಂದ ಹುಡುಗರು ಬೇರೆಯವರ ನಾಡಿನಲ್ಲಿ ಕೈದಿಯಾಗಿ ಇದ್ದು, ದಾರಿಹೋಕರಿಗೆ ಪ್ರಾರ್ಥನೆ ಮಾಡೋಕೆ ಜಾಗ ಮಾಡಿ ಹೋದರು. ಅಂಕಲ್ ಅಲ್ಲಿ ಮೊಣಕಾಲೂರಿ ಬಹಳ ಹೊತ್ತು ಕೂತರು. ಏನು ಪ್ರಾರ್ಥಿಸಿದರೋ ಕೇಳಲಿಲ್ಲ. ಅಲ್ಲಿಂದ ಕೆಳಗೆ ಮಾಯಿ ಮಾಹಿಯುನ ತಗಡಿನ ಮನೆಗಳು ಮಿಂಚ್ತಿದ್ದವು. ಯಾವುದೋ ಒಂದರಲ್ಲಿ ಅವಳಿದ್ದಳು.

ಆ ರಾತ್ರಿ ಇನ್‌ಸ್ಟಾದಲ್ಲಿ ಹಾಕಿದ್ದ ಅವಳ ಫೋಟೊ ತೆಗೆದುಹಾಕಿದೆ. ಸೋಪಿನ ಗುಳ್ಳೆದು. 214 ಲೈಕ್ ಬಂದಿತ್ತು.

ವಾಪಸ್ ಬಂದು ಹುಬ್ಬಳ್ಳಿಗೆ ಹೋಗಿ ಅಜ್ಜಿಗೆ ಎಲ್ಲಾ ಹೇಳಿದೆ. ನಮ್ಮ ಅಜ್ಜಿ ಬೆಳೆದಿದ್ದೂ ಮಿಶನ್ ಬೋರ್ಡಿಂಗಿನಲ್ಲಿ. ಬಾಸೆಲ್ ಮಿಶನ್‌ನವರು 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ ಬಂದವರು. 1876-78ರ ಬರಗಾಲದಲ್ಲಿ ನಮ್ಮ ಕಡೆ ಎಷ್ಟೋ ತಬ್ಬಲಿ ಮಕ್ಕಳನ್ನ ಪಾದ್ರಿಗಳು ಸಾಕಿದರು. ಅಜ್ಜಿಯದು ಅದಾಗಿ ಎಷ್ಟೋ ಕಾಲದ ಮೇಲಿನ ಮಾತು, 1943. ಅಜ್ಜಿ ಅನಾಥೆ, ಬೋರ್ಡಿಂಗಿನಲ್ಲಿ ಬೆಳೆದು ಟೀಚರ್ ಆದಳು ಅಂತಲೇ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದು.

ಅವತ್ತು ಅಜ್ಜಿ ಹೇಳಿದಳು: "ನಮ್ಮವ್ವ ಇದ್ಲು. ಅಪ್ಪ ಕಾಲರಾಕ್ಕ ಹೋದ. ಅವ್ವಗ ಉಣ್ಣಾಕ ಹಾಕೂದು ಆಗ್ಲಿಲ್ಲ, ತಂದು ಬಿಟ್ಲು. ಪುಸ್ತಕದಾಗ ಅನಾಥಿ ಅಂತ ಬರದ್ರು. ಸಂತಿ ದಿನ ಬರತಿದ್ಲು. ಕಂಪೌಂಡ್ ಗ್ವಾಡಿ ಹತ್ರ ನಿಂತು ಹೋಗತಿದ್ಲು."

"ಒಳಗೆ ಬಿಡ್ತಿರಲಿಲ್ವಾ?"

"ಬಿಡತಿದ್ರು. ಅಕಿನ ಬರತಿದ್ದಿಲ್ಲ. ಬಂದ್ರ ನಾ ಅಳತೀನಿ, ಕರಕೊಂಡು ಹೋಗಬೇಕಾಕ್ಕೈತಿ ಅಂತ."

ಹಾಗಾದ್ರೆ ಬೋರ್ಡಿಂಗ್ ಇರಬಾರದಿತ್ತಾ ಅಂತ ಕೇಳಿದೆ. ನನಗೆ ಒಂದು ಸ್ಪಷ್ಟ ಉತ್ತರ ಬೇಕಿತ್ತು. ಅಜ್ಜಿ ಗದರಿದಳು. "ಇರದಿದ್ರ ನಾ ಎಲ್ಲಿರತಿದ್ದೆ? ಅಕ್ಷರ ಕಲಸಿದವರು ಅವರು. ಆ ಬಾಯಿಯವರ ಋಣ ತೀರೂದಿಲ್ಲ." ಸ್ವಲ್ಪ ಹೊತ್ತು ಬಿಟ್ಟು, "ಆದ್ರ ಅವ್ವಗ ತಿಂಗಳಿಗೆ ಒಂದು ಚೀಲ ಜೋಳ ಕೊಟ್ಟಿದ್ರ ನಾ ಮನಿಂದನ ಸಾಲಿಗೆ ಹೋಗತಿದ್ನೆಲ್ಲೊ" ಅಂದಳು.

ಈಗ ನಮ್ಮಲ್ಲಿ ಐದು ಜನ ಸೇರಿ ಮೂರು ಮಕ್ಕಳ ಮನೆಖರ್ಚಿಗೆ ಕಳಿಸ್ತೀವಿ, ಆ ಕಾರ್ಯಕರ್ತನ ಲೆಕ್ಕದ ಪ್ರಕಾರ. ಮೂವರಲ್ಲಿ ಇಬ್ಬರು ಮನೆಯಲ್ಲಿದ್ದಾರೆ. ಒಬ್ಬ ಹುಡುಗ ಮನೆಗೆ ಹೋಗಿ, ಚಿಕ್ಕಪ್ಪ ಹೊಡೀತಾನೆ ಅಂತ ವಾಪಸ್ ಹೋಮ್‌ಗೆ ಬಂದ. ಯಾರೂ ಬಂದು ಕರಕೊಂಡು ಹೋಗದ ಮಕ್ಕಳು ಇನ್ನೂ ಅಲ್ಲೇ ಇದ್ದಾರೆ. ಅವರಿಗೆ ಏನು ಮಾಡಬೇಕು ಅಂತ ನನಗೆ ಗೊತ್ತಿಲ್ಲ. ಮರುವರ್ಷ ನಮ್ಮ ಸಭೆಯಿಂದ ಆರು ಜನ ಹೋದರು, ಶಾಲೆ ನಡೆಯೋ ದಿನಗಳಲ್ಲಿ, ಹೊಸ ನೀರಿನ ಟ್ಯಾಂಕಿನ ಕೆಲಸಕ್ಕೆ ಅಂತ. ಬ್ಯಾನರ್ ಒಯ್ಯಲಿಲ್ಲ. ಸಭೆಯಲ್ಲಿ ಕೆಲವರಿಗೆ ಅದು ಇಷ್ಟ ಆಗಲಿಲ್ಲ, ಈ ಸಲ ಫೋಟೊ ಏನೂ ಇಲ್ಲವಲ್ಲ ಅಂದರು. ನಾನು ಹೋಗಲಿಲ್ಲ.

ಅಜ್ಜಿ ಆ ಕಥೆ ಪೂರ್ತಿ ಕೇಳಿದ ಮೇಲೆ ವಿಚಾರಿಸಿದ್ದು ಒಂದೇ. "ಆ ಹುಡುಗಿ ಅಜ್ಜಿ ಬುಟ್ಟಿ ತಂದಿದ್ಲಂದಿ. ಅದರಾಗ ಏನಿತ್ತು?"

ನಾನು ನೋಡಿರಲಿಲ್ಲ.

"ತಿನ್ನಾಕ ಏನರ ಇರತೈತಿ ಬಿಡು" ಅಂದಳು, ಮಗ್ಗುಲಾದಳು.